ಬೋರ್ ಮೋಟರ್ ರಿಪೇರಿಗೆ ಜಾಸ್ತಿ ದುಡ್ಡು ತೆಗೆದುಕೊಂಡರು ಅನ್ನಿಸಿದರೆ: ಮೋಟರ್ ಎತ್ತುವ ದಿನದಿಂದ ಗ್ರಾಹಕ ಆಯೋಗದವರೆಗೆ

ಬೇಸಿಗೆಯಲ್ಲಿ ಬೋರ್ ಮೋಟರ್ ಕೆಟ್ಟರೆ ರೈತನಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಟೊಮೆಟೊ ಆಗಲಿ ಅಡಿಕೆ ಸಸಿ ಆಗಲಿ, ನೀರಿಲ್ಲದೆ ಜಾಸ್ತಿ ದಿನ ತಡೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ಗಳಿವೆ. ಅಲ್ಲಿಂದ ಮೋಟರ್ ಮೇಲೆತ್ತುವುದೇ ದೊಡ್ಡ ಕೆಲಸ. ಗಾಡಿಯವರು ಬಂದು ಎತ್ತುತ್ತಾರೆ, ಮೋಟರ್ ವೈಂಡಿಂಗ್ (ಮೋಟರ್ ಒಳಗೆ ತಂತಿ ಸುತ್ತುವ) ಅಂಗಡಿಗೆ ಹೋಗುತ್ತದೆ. ಎರಡು ಮೂರು ದಿನಕ್ಕೆ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಒಂದೇ ಸಾಲು: "ಮೋಟರ್ ರಿಪೇರಿ". ಅದರ ಮುಂದೆ ಎದೆ ಧಸಕ್ಕೆನ್ನುವಂಥ ಮೊತ್ತ.

ಆಗ ಹೆಚ್ಚಿನವರು ಮಾಡುವುದು ಎರಡೇ. ಬೈದುಕೊಂಡು ಕೊಟ್ಟು ಬರುತ್ತಾರೆ. ಇಲ್ಲವೇ "ಐನೂರು ಬಿಡಿ, ಸಾವಿರ ಬಿಡಿ" ಅಂತ ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡುತ್ತಾರೆ. ಒಟ್ಟು ಮೊತ್ತದ ಮೇಲೆ ಮಾತಾಡಿದರೆ ಅಂಗಡಿಯವರೇ ಗೆಲ್ಲುತ್ತಾರೆ, ಯಾಕೆಂದರೆ ಅದರೊಳಗೆ ಏನಿದೆ ಎನ್ನುವುದು ಅವರಿಗೆ ಮಾತ್ರ ಗೊತ್ತು. ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿಟ್ಟರೆ ಮಾತು ಬೇರೆ ಆಗುತ್ತದೆ. ಎಷ್ಟು ತಂತಿ, ಯಾವ ಬುಷ್ (ತಿರುಗುವ ಶಾಫ್ಟಿಗೆ ಆಧಾರ ಕೊಡುವ ಬಳೆ), ಎಷ್ಟು ಕೂಲಿ ಎಂದು ಕೇಳಬಹುದು. ಈ ಬರಹದ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ ಇವೆ. ಮನೆಯ ಫ್ರಿಜ್, ಪವರ್ ಟಿಲ್ಲರ್, ಔಷಧಿ ಹೊಡೆಯುವ ಪಂಪಿನ ರಿಪೇರಿಗೂ ಇದನ್ನೇ ಹೊಂದಿಸಿಕೊಳ್ಳಬಹುದು. ಆದರೆ ಬೋರ್ ಮೋಟರ್‌ನಲ್ಲಿ ಕಣ್ಣಿಗೆ ಕಾಣದ ಕೆಲಸ ಜಾಸ್ತಿ, ಅದಕ್ಕೇ ಅದನ್ನೇ ಹಿಡಿದು ಬರೆಯುತ್ತಿದ್ದೇನೆ.

ಕಾನೂನಿನ ಕಣ್ಣಲ್ಲಿ "ಜಾಸ್ತಿ" ಅಂದರೆ ಯಾವುದು?

ಇದನ್ನು ಮೊದಲೇ ತಿಳಿದುಕೊಳ್ಳಬೇಕು. ರಿಪೇರಿ ಕೂಲಿಗೆ ಸರ್ಕಾರ ಯಾವ ದರವನ್ನೂ ಗೊತ್ತು ಮಾಡಿಲ್ಲ. ಪಕ್ಕದ ಊರಿನ ಅಂಗಡಿ ಆರು ಸಾವಿರಕ್ಕೆ ಮಾಡುತ್ತದೆ, ಇವರು ಒಂಬತ್ತು ಸಾವಿರ ಕೇಳಿದರು ಎನ್ನುವುದಷ್ಟೇ ತಪ್ಪಾಗುವುದಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾಸ್ತಿ ಬೆಲೆಯ ದೂರಿಗೆ ಕೆಲವು ಅಳತೆಗೋಲು ಇಟ್ಟಿದೆ. ಕಾನೂನು ನಿಗದಿ ಮಾಡಿದ ಬೆಲೆ, ವಸ್ತುವಿನ ಅಥವಾ ಅದರ ಪ್ಯಾಕಿನ ಮೇಲೆ ಮುದ್ರಿಸಿದ ಬೆಲೆ, ಅಂಗಡಿಯ ದರಪಟ್ಟಿಯಲ್ಲಿ ತೋರಿಸಿದ ಬೆಲೆ, ಇಬ್ಬರೂ ಮಾತಾಡಿ ಒಪ್ಪಿಕೊಂಡ ಬೆಲೆ. ಇವುಗಳಲ್ಲಿ ಒಂದನ್ನು ಮೀರಿ ತೆಗೆದುಕೊಂಡಿದ್ದರೆ ದೂರು ನಿಲ್ಲುತ್ತದೆ. ಮೋಟರ್ ರಿಪೇರಿಯಲ್ಲಿ ನಮಗೆ ಕೈಗೆ ಸಿಗುವುದು ಎರಡು: ಬಿಡಿಭಾಗದ ಎಂಆರ್‌ಪಿ ಮತ್ತು ಒಪ್ಪಿಕೊಂಡ ಬೆಲೆ. ಒಪ್ಪಿಕೊಂಡ ಬೆಲೆ ಬರಹದಲ್ಲಿ ಇಲ್ಲದಿದ್ದರೆ ಅದನ್ನು ತೋರಿಸುವುದು ಕಷ್ಟ.

ಬೆಲೆಯ ಆಚೆಗೂ ಕೆಲವು ದಾರಿಗಳಿವೆ. ಹಳೆಯ ಭಾಗವನ್ನು ಹೊಸದು ಅಂತ ಹಾಕುವುದು, ಅಲ್ಯೂಮಿನಿಯಂ ತಂತಿ ಸುತ್ತಿ ಕಾಪರ್ ಅಂತ ಹೇಳುವುದು, ಬಿಲ್ ಕೊಡದೇ ಇರುವುದು, ಇವೆಲ್ಲ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೆಲಸವೇ ಸರಿಯಿಲ್ಲದಿದ್ದರೆ ಅದು ಸೇವಾ ನ್ಯೂನತೆ. ಬರೀ "ಬೆಲೆ ಜಾಸ್ತಿ" ಅನ್ನುವ ದೂರಿಗಿಂತ ಇವು ಎಷ್ಟೋ ಗಟ್ಟಿ.

ಹೆಜ್ಜೆ 1: ಮೋಟರ್ ನಿಜವಾಗಿ ಸುಟ್ಟಿದೆಯಾ?

ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಬಿಲ್ ಬರುವುದಕ್ಕೂ ಮುಂಚೆ.

ಮೋಟರ್ ಓಡುತ್ತಿಲ್ಲ ಅಂದರೆ ಕಾಯಿಲ್ (ಒಳಗೆ ಸುತ್ತಿದ ತಂತಿ) ಹೋಗಿದೆ ಅಂತಲೇ ಅರ್ಥ ಅಲ್ಲ. ಫ್ಯೂಸ್ ಹೋಗಿರಬಹುದು. ಸ್ಟಾರ್ಟರ್‌ನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಟ್ರಿಪ್ ಆಗಿ ಕೂತಿರಬಹುದು. ಲೈನಿನಲ್ಲೇ ಒಂದು ಫೇಸ್ ಬರದೆ ಇರಬಹುದು. ಇವೆಲ್ಲ ಮೇಲಿನ ಕೆಲಸ. ಗಾಡಿ ಕರೆಸುವ ಅಗತ್ಯವೇ ಇಲ್ಲ.

ಗೊತ್ತಿರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು ಮೊದಲು ಮೂರು ಫೇಸ್ ವೋಲ್ಟೇಜ್ ನೋಡಿಸಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡು, ಸ್ಟಾರ್ಟರ್‌ನಿಂದ ಮೋಟರ್ ಕೇಬಲ್ ಬಿಚ್ಚಿಸಿ. ಮೂರು ತಂತಿ ಬರುವ ಮೋಟರ್ ಆದರೆ ಎರಡೆರಡು ತಂತಿಯ ನಡುವೆ ಮೀಟರ್ ಹಿಡಿದಾಗ ಮೂರು ಸಲವೂ ಸುಮಾರು ಒಂದೇ ರೀಡಿಂಗ್ ಬರಬೇಕು. ಒಂದು ಜೋಡಿ ಮಾತ್ರ ಬೇರೆ ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಕೆಳಗೆ ತೊಂದರೆ ಇದೆ. ತಂತಿ ಮತ್ತು ಅರ್ತ್ ನಡುವೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ ರೀಡಿಂಗ್ ಸೊನ್ನೆಗೆ ಬಿದ್ದರೂ ಕೆಳಗೆ ತೊಂದರೆ ಇದೆ. ಈ ಕೆಲಸವನ್ನು ಗೊತ್ತಿಲ್ಲದವರು ಮಾಡಲೇಬಾರದು.

ಕೆಳಗೆ ತೊಂದರೆ ಇದೆ ಅಂದ ಮಾತ್ರಕ್ಕೆ ಮೋಟರೇ ಸುಟ್ಟಿದೆ ಅಂತ ಆಗಲಿಲ್ಲ. ಕೇಬಲ್ ಜಾಯಿಂಟ್‌ಗೆ ನೀರು ನುಗ್ಗಿರಬಹುದು. ಪೈಪಿಗೆ ಉಜ್ಜಿ ಕೇಬಲ್ ಸಿಪ್ಪೆ ಹೋಗಿರಬಹುದು. ಮೇಲಿಂದ ಮೆಗ್ಗರ್ ಹಾಕಿದರೆ ಇದೂ ಮೋಟರ್ ಸುಟ್ಟ ಹಾಗೆಯೇ ಕಾಣುತ್ತದೆ. ಆದ್ದರಿಂದ ಮೋಟರ್ ಮೇಲೆ ಬಂದ ತಕ್ಷಣ, ಅಲ್ಲೇ ಬೋರ್ ಪಕ್ಕದಲ್ಲೇ, ಜಾಯಿಂಟ್ ಕತ್ತರಿಸಿ ಮೋಟರನ್ನು ಬೇರೆ, ಕೇಬಲನ್ನು ಬೇರೆ ಟೆಸ್ಟ್ ಮಾಡಿಸಿ. ಐದು ನಿಮಿಷದ ಕೆಲಸ. ಮೋಟರ್ ರೀಡಿಂಗ್ ಚೆನ್ನಾಗಿದ್ದರೆ ವೈಂಡಿಂಗ್ ಬೇಕಾಗಿಲ್ಲ, ಹೊಸ ಜಾಯಿಂಟ್ ಸಾಕು. ಈ ಒಂದು ಟೆಸ್ಟ್ ಮಾಡದೆ ಮೋಟರನ್ನು ಗಾಡಿಗೆ ಹಾಕಿ ಕಳಿಸಬೇಡಿ. ಬಿಚ್ಚಿ ಸುತ್ತಿದ ಮೇಲೆ "ಅದು ಸುಟ್ಟಿರಲೇ ಇಲ್ಲ" ಅಂತ ಯಾರೂ ಸಾಬೀತು ಮಾಡಲು ಆಗುವುದಿಲ್ಲ. ಮೀಟರ್ ರೀಡಿಂಗ್ ತೋರಿಸುವ ಒಂದು ವಿಡಿಯೋ ಫೋನಿನಲ್ಲಿ ಇಟ್ಟುಕೊಳ್ಳಿ.

ಗಾಡಿಯವರ ಲೆಕ್ಕವನ್ನೂ ಅಲ್ಲೇ ಮುಗಿಸಿ. ಅಡಿ ಲೆಕ್ಕದಲ್ಲಿ ಕೂಲಿ ಆದರೆ ಪೈಪು ಎಣಿಸಿ. ಜಿಐ ಪೈಪು ಸಾಮಾನ್ಯವಾಗಿ 20 ಅಡಿ, ಯುಪಿವಿಸಿ ಕಾಲಂ ಪೈಪು ಸುಮಾರು 10 ಅಡಿ. ಜಿಐ ಪೈಪು 30 ಬಂದರೆ 600 ಅಡಿ. ಎತ್ತುವುದು ಮತ್ತು ಇಳಿಸುವುದು ಎರಡೂ ಸೇರಿ ಎಷ್ಟು ಅಂತ ಗಾಡಿ ಬರುವ ಮುಂಚೆಯೇ ಮಾತಾಡಿರಬೇಕು.

ಹೆಜ್ಜೆ 2: ಅಂಗಡಿಗೆ ಕೊಡುವಾಗ ಬರಹದಲ್ಲಿ ಕೊಡಿ

ಮೋಟರ್ ಮೇಲಿನ ನೇಮ್‌ಪ್ಲೇಟ್ ಫೋಟೋ ತೆಗೆಯಿರಿ. ಕಂಪನಿ, ಎಚ್‌ಪಿ, ಆಂಪ್ಸ್, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ಪಂಪಿನ ಪ್ಲೇಟಿನಲ್ಲಿ ಎಷ್ಟು ಸ್ಟೇಜ್ (ನೀರು ತಳ್ಳುವ ಚಕ್ರ ಎಷ್ಟು) ಅಂತಲೂ ಇರುತ್ತದೆ. ಪ್ಲೇಟ್ ಅಳಿಸಿ ಹೋಗಿದ್ದರೆ ಮೋಟರ್ ಬಾಡಿಯ ಮೇಲೆ ಪೇಂಟಿನಲ್ಲಿ ನಿಮ್ಮ ಗುರುತು ಹಾಕಿ. ಸೀಸನ್‌ನಲ್ಲಿ ಅಂಗಡಿಯಲ್ಲಿ ಒಂದೇ ಥರದ ಮೋಟರ್‌ಗಳು ಸಾಲಾಗಿ ಬಿದ್ದಿರುತ್ತವೆ, ಅದಲು ಬದಲು ಆಗುವುದೂ ಉಂಟು.

ಅಂಗಡಿಯವರು ಜಾಬ್ ಕಾರ್ಡ್ (ಯಾವ ಮೋಟರ್, ಏನು ಕೆಲಸ ಅಂತ ಬರೆದ ಚೀಟಿ) ಕೊಟ್ಟರೆ ಒಳ್ಳೆಯದು. ಕೊಡದಿದ್ದರೆ ಜಗಳ ಬೇಡ, ನೀವೇ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ. ಹೀಗೆ ಬರೆದರೆ ಸಾಕು:

"ಅಣ್ಣ, ಇವತ್ತು 5 ಎಚ್‌ಪಿ ಮೋಟರ್ ನಿಮ್ಮ ಅಂಗಡಿಗೆ ಕೊಟ್ಟಿದ್ದೇನೆ. ಸೀರಿಯಲ್ ನಂಬರ್ ಫೋಟೋ ಕಳಿಸಿದ್ದೇನೆ. ಕಾಪರ್ ವೈಂಡಿಂಗ್, ಕೂಲಿ ಎಲ್ಲ ಸೇರಿ 9,000 ಅಂತ ಹೇಳಿದ್ದೀರಿ. ಇದಕ್ಕಿಂತ ಜಾಸ್ತಿ ಕೆಲಸ ಬಂದರೆ ಮಾಡುವ ಮುಂಚೆ ಫೋನ್ ಮಾಡಿ. ಹಳೇ ತಂತಿ, ಹಳೇ ಬುಷ್, ಬೇರಿಂಗ್ ನನಗೆ ವಾಪಸ್ ಬೇಕು. ಸರಿ ಅಂದರೆ ಒಂದು ರಿಪ್ಲೈ ಹಾಕಿ."

ಅವರು "ಓಕೆ" ಅಂತ ಬರೆದರೆ ಅದೇ ಒಪ್ಪಿಕೊಂಡ ಬೆಲೆ. ಮೇಲೆ ಹೇಳಿದ ಅಳತೆಗೋಲು ನಿಮ್ಮ ಫೋನಿಗೆ ಬಂದು ಕೂತ ಹಾಗೆ. ಬಿಚ್ಚಿ ನೋಡದೆ ಬೆಲೆ ಹೇಳಲು ಆಗುವುದಿಲ್ಲ ಅಂತ ಮೇಸ್ತ್ರಿ ಹೇಳಬಹುದು. ಅದು ನ್ಯಾಯವಾದ ಮಾತು. ಹಾಗಾದರೆ "ಬಿಚ್ಚಿ ನೋಡುವುದಕ್ಕೆ ಎಷ್ಟು, ನೋಡಿದ ಮೇಲೆ ನಾನು ಬೇಡ ಅಂದರೆ ಎಷ್ಟು ಕೊಡಬೇಕು" ಅಂತ ಕೇಳಿ, ಅದನ್ನೂ ಬರೆದು ಹಾಕಿ.

ಹೆಜ್ಜೆ 3: ಬಿಚ್ಚುವಾಗ ಹತ್ತಿರ ಇರಿ

ಇದಕ್ಕೆ ಅರ್ಧ ದಿನ ಹೋದರೂ ಪರವಾಗಿಲ್ಲ. ನೀವು ಹೋಗಲು ಆಗದಿದ್ದರೆ ಬಿಚ್ಚಿದ ಫೋಟೋ ಕಳಿಸಲು ಹೇಳಿ.

ಮೊದಲು ಕಾಯಿಲ್ ನೋಡಿ. ಕೆಲವು ಕಾಯಿಲ್ ಮಾತ್ರ ಕಪ್ಪಾಗಿ ಉಳಿದವು ಚೆನ್ನಾಗಿದ್ದರೆ, ಒಂದು ಫೇಸ್ ಹೋದಾಗಲೂ ಮೋಟರ್ ಓಡಿ ಸುಟ್ಟಿದೆ ಅಂತ ತಿಳಿಯಬಹುದು. ಎಲ್ಲ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆ ಬಂದಿದೆ, ಇಲ್ಲವೇ ಲೋಡ್ ಜಾಸ್ತಿ ಆಗಿದೆ. ಒಂದೇ ಜಾಗದಲ್ಲಿ ಚುಕ್ಕೆಯ ಹಾಗೆ ಸುಟ್ಟಿದ್ದರೆ ಅಲ್ಲಿ ಇನ್ಸುಲೇಷನ್ ಹೋಗಿದೆ. ಈ ಫೋಟೋ ಯಾಕೆ ಬೇಕು ಅಂದರೆ, ಮುಂದೆ ಆರು ತಿಂಗಳಲ್ಲಿ ಮೋಟರ್ ಮತ್ತೆ ಸುಟ್ಟರೆ ತಪ್ಪು ಕರೆಂಟಿನದೋ ವೈಂಡಿಂಗಿನದೋ ಎಂಬ ವಾದ ಎದ್ದೇ ಏಳುತ್ತದೆ. ಆಗ ಎರಡು ಸಲದ ಫೋಟೋ ಪಕ್ಕಪಕ್ಕ ಇಟ್ಟರೆ ಅರ್ಧ ವಾದ ಮುಗಿಯುತ್ತದೆ.

ಆಮೇಲೆ ಹಳೆಯ ತಂತಿಯನ್ನು ತೂಕ ಹಾಕಿಸಿ. ಮೋಟರ್ ವೈಂಡಿಂಗ್ ಬಿಲ್ಲಿನಲ್ಲಿ ದೊಡ್ಡ ಪಾಲು ತಂತಿಯದು, ಅದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ಎಷ್ಟು ತಂತಿ ಇತ್ತೋ ಹೆಚ್ಚು ಕಡಿಮೆ ಅಷ್ಟೇ ಹೊಸದೂ ಹಿಡಿಯುತ್ತದೆ. ನೀರು ತುಂಬುವ ಮೋಟರ್‌ನಲ್ಲಿ ತಂತಿಯ ಮೇಲೆ ಪ್ಲಾಸ್ಟಿಕ್ ಪದರ ಇರುತ್ತದೆ. ಸುಟ್ಟಾಗ ಅದು ಕರಗಿ ತೂಕ ಸ್ವಲ್ಪ ಕಡಿಮೆ ತೋರಿಸಬಹುದು. ಆ ಸ್ವಲ್ಪಕ್ಕೆ ತಕರಾರು ಬೇಡ. ನಾಲ್ಕೂವರೆ ಕೆಜಿ ಬಂದಿದ್ದ ಜಾಗದಲ್ಲಿ ಆರು ಕೆಜಿ ಬರೆದರೆ ಕೇಳಲೇಬೇಕು.

ಹೊಸ ತಂತಿ ತೂಕದಲ್ಲಿ ತುಂಬಾ ಕಡಿಮೆ ಬಂದರೆ ಖುಷಿ ಪಡಬೇಡಿ. ಅದು ಇನ್ನೂ ಕೆಟ್ಟ ಸುದ್ದಿ. ಸಣ್ಣ ಗೇಜಿನ ತಂತಿ ಹಾಕಿರಬಹುದು, ಮೋಟರ್ ಬಿಸಿಯಾಗಿ ಬೇಗ ಸುಡುತ್ತದೆ. ಅಲ್ಯೂಮಿನಿಯಂ ತಂತಿ ಕಾಪರ್‌ಗಿಂತ ಎಷ್ಟೋ ಹಗುರ. ಗುಂಪಿನಿಂದ ಒಂದು ತುಂಡು ತೆಗೆದು ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ಕಾಪರ್, ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ಎರಡೂ ಅಂಟುವುದಿಲ್ಲ.

ಹಳೆಯ ಕಾಪರ್ ಯಾರದು? ನಿಮ್ಮದು. ಸುಟ್ಟ ಕಾಪರ್‌ಗೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. ಬಹಳ ಅಂಗಡಿಗಳಲ್ಲಿ ಅದು ಅಲ್ಲೇ ಉಳಿಯುವುದು ರೂಢಿ, ಕೇಳುವವರೂ ಕಡಿಮೆ. ಹಳೆ ತಂತಿ ಅಂಗಡಿಗೆ ಬಿಟ್ಟರೆ ಅದರ ಬೆಲೆ ಬಿಲ್ಲಿನಲ್ಲಿ ಕಳೆಯಬೇಕು. ಕಳೆಯದಿದ್ದರೆ ತಂತಿ ಚೀಲಕ್ಕೆ ಹಾಕಿಸಿಕೊಂಡು ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಬುಷ್, ಥ್ರಸ್ಟ್ ಬೇರಿಂಗ್ (ಶಾಫ್ಟಿನ ಭಾರ ಹೊರುವ ಬೇರಿಂಗ್), ಸೀಲ್, ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಬದಲಾಯಿಸಬೇಕು ಅಂದರೆ ಸವೆದ ಭಾಗವನ್ನು ಕೈಗೆ ತೆಗೆದುಕೊಂಡು ನೋಡಿ. ಶಾಫ್ಟಿಗೆ ಬುಷ್ ಹಾಕಿ ಅಲ್ಲಾಡಿಸಿದರೆ ಸಡಿಲ ಗೊತ್ತಾಗುತ್ತದೆ. ಸಡಿಲ ಇದ್ದರೆ ಹೊಸದು ಹಾಕಿಸುವುದೇ ಸರಿ. ಇದರಲ್ಲಿ ಉಳಿಸಲು ಹೋದರೆ ಶಾಫ್ಟ್ ಅಲುಗಿ ಹೊಸ ವೈಂಡಿಂಗ್ ಕೂಡ ಹೋಗುತ್ತದೆ.

ಹೆಜ್ಜೆ 4: ಬಿಲ್ಲನ್ನು ಬಿಡಿಸಿ ಓದಿ

"ಮೋಟರ್ ರಿಪೇರಿ" ಎಂಬ ಒಂದು ಸಾಲಿನ ಚೀಟಿ ತೆಗೆದುಕೊಳ್ಳಬೇಡಿ. ತಂತಿ ಎಷ್ಟು ಕೆಜಿ, ಕೆಜಿಗೆ ಎಷ್ಟು, ಕೂಲಿ ಎಷ್ಟು, ಯಾವ ಭಾಗ, ಜಿಎಸ್‌ಟಿ ಎಷ್ಟು, ಎಲ್ಲ ಬೇರೆ ಬೇರೆ ಬರೆಸಿ. ಈಗ ಒಂದು ಮಾದರಿ ನೋಡೋಣ. ಇದು ಲೆಕ್ಕ ತೋರಿಸಲು ಮಾಡಿಕೊಂಡ ಬಿಲ್, ಮಾರುಕಟ್ಟೆಯ ರೇಟಲ್ಲ. ಕಾಪರ್ ರೇಟಂತೂ ಆಗಾಗ ಬದಲಾಗುತ್ತಲೇ ಇರುತ್ತದೆ.

ತಂತಿ 6 ಕೆಜಿ, ಕೆಜಿಗೆ 900ರಂತೆ: 5,400
ವೈಂಡಿಂಗ್ ಕೂಲಿ: 3,000
ಬುಷ್ ಎರಡು: 900
ಥ್ರಸ್ಟ್ ಬೇರಿಂಗ್: 1,800
ಇತರೆ: 1,400
ಮೊತ್ತ: 12,500
ಜಿಎಸ್‌ಟಿ 18%: 2,250
ಒಟ್ಟು: 14,750 ರೂಪಾಯಿ

ಮಾತಾಗಿದ್ದು 9,000. ಬಂದಿದ್ದು 14,750. ನೋಡಿದ ಕೂಡಲೇ 5,750 ಮೋಸ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಹಾಗಲ್ಲ.

ಹಳೆ ತಂತಿ 4 ಕೆಜಿ 600 ಗ್ರಾಂ ಬಂದಿತ್ತು ಅಂದುಕೊಳ್ಳಿ. ಪದರದ ತೂಕ ಸೇರಿಸಿ 5 ಕೆಜಿ ಅನ್ನೋಣ. ಹಾಗಾದರೆ 1 ಕೆಜಿ, ಅಂದರೆ 900 ರೂಪಾಯಿ ಹೆಚ್ಚು ಬಂದಿದೆ. "ಇತರೆ 1,400" ಅಂದರೆ ಏನು ಅಂತ ಬಿಲ್ಲಿನಲ್ಲಿ ಇಲ್ಲ. ಏನು ಎಂದು ಹೇಳಲಾಗದ ಸಾಲಿಗೆ ದುಡ್ಡು ಕೊಡಬೇಕಾಗಿಲ್ಲ. ಬುಷ್ ಮತ್ತು ಬೇರಿಂಗ್ ಸವೆದಿದ್ದನ್ನು ನೀವೇ ನೋಡಿದ್ದೀರಿ, ಫೋನಿನಲ್ಲಿ ಹೂಂ ಅಂದಿದ್ದೀರಿ. ಅದು ಕೊಡಬೇಕಾದ್ದೇ. ಹಾಗಾಗಿ ತಕರಾರು ಇರುವುದು 2,300 ರೂಪಾಯಿಗೆ ಮತ್ತು ಅದರ ಮೇಲಿನ ಜಿಎಸ್‌ಟಿ 414ಕ್ಕೆ. ಎರಡೂ ಸೇರಿ 2,714. ಆಗ ಕೊಡಬೇಕಾದ್ದು 12,036. ಹಳೆ ತಂತಿ ಅಂಗಡಿಯಲ್ಲೇ ಉಳಿದಿದ್ದರೆ ಅದರ ಬೆಲೆಯನ್ನು ಇದರಲ್ಲಿ ಕಳೆಯಬೇಕು.

ನೀವು ಫೋನಿನಲ್ಲಿ ಹೂಂ ಅನ್ನದೇ ಇದ್ದರೆ, ಹಳೆ ಬೇರಿಂಗ್ ಅವರು ತೋರಿಸದೇ ಇದ್ದರೆ, ಆ 1,800 ಕೂಡ ತಕರಾರಿನ ಪಟ್ಟಿಗೆ ಸೇರುತ್ತದೆ. ಹೀಗೆ ಒಂದೊಂದು ಸಾಲಿಗೂ ಒಂದೊಂದು ಕಾರಣ ಇರಲಿ.

ಜಿಎಸ್‌ಟಿ ಸಾಲನ್ನು ಬೇರೆಯಾಗಿ ನೋಡಿ. ಬಿಲ್ಲಿನಲ್ಲಿ 15 ಅಕ್ಷರ ಮತ್ತು ಅಂಕಿಗಳ ಜಿಎಸ್‌ಟಿ ನಂಬರ್ ಇರಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಯಾರು ಬೇಕಾದರೂ ನೋಡಬಹುದು. ನೋಂದಣಿ ಇಲ್ಲದ ಅಂಗಡಿ ಜಿಎಸ್‌ಟಿ ಅಂತ ಒಂದು ರೂಪಾಯಿಯೂ ತೆಗೆದುಕೊಳ್ಳುವಂತಿಲ್ಲ. ಕಂಪೋಸಿಷನ್ ಸ್ಕೀಮಿನಲ್ಲಿರುವ (ಸಣ್ಣ ವ್ಯಾಪಾರಿಗಳಿಗಾಗಿ ಇರುವ ಸರಳ ತೆರಿಗೆ ವ್ಯವಸ್ಥೆಯ) ಅಂಗಡಿಯೂ ಗಿರಾಕಿಯಿಂದ ಬೇರೆಯಾಗಿ ತೆರಿಗೆ ವಸೂಲಿ ಮಾಡುವಂತಿಲ್ಲ. ನಂಬರೇ ಇಲ್ಲದ ಚೀಟಿಯಲ್ಲಿ 18% ಸೇರಿಸಿದ್ದರೆ ಆ ಸಾಲು ಪೂರ್ತಿ ತೆಗೆಸಿ. ಹಾಗೇ "ಬಿಲ್ ಬೇಡ ಅಂದರೆ ಜಿಎಸ್‌ಟಿ ಬಿಡ್ತೀನಿ" ಅಂದರೆ ಒಪ್ಪಬೇಡಿ. ಬಿಲ್ ಇಲ್ಲದೆ ಮುಂದೆ ಯಾವ ಬಾಗಿಲೂ ತೆರೆಯುವುದು ಕಷ್ಟ.

ಪ್ಯಾಕಿನಲ್ಲಿ ಬರುವ ಭಾಗಗಳಿಗೆ ಡಬ್ಬಿ ಕೇಳಿ, ಎಂಆರ್‌ಪಿ ನೋಡಿ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೂಡಿಸಿ ಎಂಆರ್‌ಪಿ ದಾಟಿಸಿದ್ದರೆ ಅದು ತಪ್ಪು.

ಹೆಜ್ಜೆ 5: ಬೇರೆ ಅಂಗಡಿಯಲ್ಲಿ ವಿಚಾರಿಸಿ, ಆದರೆ ಸರಿಯಾದ ಪ್ರಶ್ನೆ ಕೇಳಿ

"ಮೋಟರ್ ವೈಂಡಿಂಗ್‌ಗೆ ಎಷ್ಟಾಗುತ್ತೆ?" ಅಂತ ಕೇಳಿದರೆ ಎಲ್ಲರೂ ಕಡಿಮೆ ಹೇಳುತ್ತಾರೆ. "5 ಎಚ್‌ಪಿ, ಆರು ಇಂಚಿನ ಬೋರ್ ಮೋಟರ್, ನೀರು ತುಂಬುವುದು, ಪೂರ್ತಿ ಕಾಪರ್. ತಂತಿ ಕೆಜಿಗೆ ಎಷ್ಟು, ಕೂಲಿ ಎಷ್ಟು, ಬುಷ್ ಸೆಟ್ ಎಷ್ಟು, ಗ್ಯಾರಂಟಿ ಎಷ್ಟು ತಿಂಗಳು?" ಅಂತ ಕೇಳಿ. ಎರಡು ಮೂರು ಅಂಗಡಿಯಲ್ಲಿ ಇದೇ ಮಾತು ಕೇಳಿ ಬರೆದುಕೊಳ್ಳಿ. ಅದೇ ಊರಿನ ಅಥವಾ ತಾಲೂಕಿನ ಅಂಗಡಿ ಆಗಿರಲಿ.

ವ್ಯತ್ಯಾಸ ಬಂದ ತಕ್ಷಣ ಮೋಸ ಅನ್ನಬೇಡಿ. ರಾತ್ರಿ ಕೂತು ಮರುದಿನ ಬೆಳಿಗ್ಗೆ ಮೋಟರ್ ಕೊಟ್ಟವರು ಕೂಲಿ ಜಾಸ್ತಿ ಕೇಳುವುದು ನ್ಯಾಯವೇ. ಒಳ್ಳೆಯ ವೈಂಡರ್‌ನ ಕೈಕೆಲಸಕ್ಕೆ ಬೆಲೆ ಇದೆ. ಸ್ಲಾಟಿಗೆ ತಂತಿ ಇಳಿಸುವಾಗ ಪದರ ಒಂದು ಕಡೆ ಗೀಚಿದರೂ ಮೋಟರ್ ಮತ್ತೆ ಮೇಲೆ ಬರುತ್ತದೆ, ಆಗ ಗಾಡಿಯ ಖರ್ಚೂ ಎರಡನೇ ಸಲ. ವರ್ಷಗಟ್ಟಲೆ ಮೋಟರ್ ಓಡುವ ಹಾಗೆ ಸುತ್ತಿಕೊಡುವ ಮೇಸ್ತ್ರಿಗೆ ಐನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಾವು ಕೇಳಬೇಕಾದ್ದು ಹಾಕದ ತಂತಿಗೆ, ಬದಲಾಯಿಸದ ಬೇರಿಂಗ್‌ಗೆ, ಹೇಳದ ಕೆಲಸಕ್ಕೆ ತೆಗೆದುಕೊಂಡ ದುಡ್ಡನ್ನು.

ಹೆಜ್ಜೆ 6: ಮಾತಾಡಿ

ಅಂಗಡಿಯಲ್ಲಿ ಬೇರೆ ಗಿರಾಕಿಗಳು ತುಂಬಿರುವಾಗ ಹೋಗಬೇಡಿ. ಎಲ್ಲರ ಮುಂದೆ ಕೇಳಿದರೆ ಯಾರೂ ತಪ್ಪು ಒಪ್ಪಿಕೊಳ್ಳುವುದಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ. ಜೊತೆಗೆ ಒಬ್ಬರು ಇರಲಿ, ಆದರೆ ಗುಂಪು ಕಟ್ಟಿಕೊಂಡು ಹೋಗಬೇಡಿ.

"ಅಣ್ಣ, ನಿಮ್ಮ ಕೆಲಸದ ಬಗ್ಗೆ ನಂದೇನೂ ತಕರಾರಿಲ್ಲ. ತಂತಿ ಆರು ಕೆಜಿ ಬರ್ದಿದ್ದೀರ. ಬಿಚ್ಚಿದಾಗ ನಾಲ್ಕೂವರೆ ಚಿಲ್ರೆ ಬಂದಿತ್ತು ಅಲ್ವಾ? ಫೋಟೋ ಇದೆ ನೋಡಿ. ಇತರೆ ಅಂತಿರೋದು ಏನು ಅಂತ ಹೇಳಿ. ಇವೆರಡು ಸರಿ ಮಾಡಿ, ಉಳಿದಿದ್ದು ಈಗಲೇ ಕೊಡ್ತೀನಿ."

ಕೊನೆಯ ಮಾತು ಮುಖ್ಯ. ಕೊಡಬೇಕಾದ್ದನ್ನು ಕೊಡಲು ನೀವು ತಯಾರಿದ್ದೀರಿ ಎಂದು ಗೊತ್ತಾದರೆ ಹೆಚ್ಚಿನ ಅಂಗಡಿಯವರು ಅಲ್ಲೇ ಸರಿ ಮಾಡುತ್ತಾರೆ. ಅವರಿಗೂ ಅದೇ ಊರಲ್ಲಿ ವ್ಯಾಪಾರ ನಡೆಯಬೇಕಲ್ಲ. ಎಷ್ಟೋ ಸಲ ಹುಡುಗರು ಬರೆದ ಬಿಲ್ಲನ್ನು ಯಜಮಾನರು ನೋಡಿಯೇ ಇರುವುದಿಲ್ಲ.

ಹೆಜ್ಜೆ 7: "ಪೂರ್ತಿ ಕೊಟ್ಟರೇ ಮೋಟರ್" ಅಂದರೆ

ಇಲ್ಲಿ ಹುಷಾರಾಗಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಂ ಪ್ರಕಾರ, ಕೈಕೆಲಸ ಮಾಡಿಕೊಟ್ಟವರಿಗೆ ಅದರ ಕೂಲಿ ಬರುವವರೆಗೆ ವಸ್ತು ಹಿಡಿದಿಟ್ಟುಕೊಳ್ಳುವ ಹಕ್ಕಿದೆ. ಆದ್ದರಿಂದ ಬಲವಂತವಾಗಿ ಮೋಟರ್ ಎತ್ತಿಕೊಂಡು ಬರುವುದು ಬೇಡ. ಕೇಸು ನಿಮ್ಮ ಮೇಲೇ ತಿರುಗಬಹುದು.

ಬೆಳೆ ಒಣಗುತ್ತಿದೆ, ಕಾಯಲು ಆಗುವುದಿಲ್ಲ ಅಂದರೆ ದುಡ್ಡು ಕೊಟ್ಟು ಮೋಟರ್ ತನ್ನಿ. ಆದರೆ ಸುಮ್ನೆ ಕೊಡಬೇಡಿ. ನಗದು ಬೇಡ, ಯುಪಿಐನಲ್ಲಿ ಕೊಡಿ. ಬಿಲ್ಲಿನ ನಿಮ್ಮ ಪ್ರತಿಯ ಮೇಲೆ "ತಂತಿ 1 ಕೆಜಿ ಮತ್ತು ಇತರೆ 1,400ಕ್ಕೆ ತಕರಾರು ಇಟ್ಟುಕೊಂಡು ಹಣ ಕೊಟ್ಟಿದ್ದೇನೆ" ಎಂದು ಬರೆದು ತಾರೀಖು ಹಾಕಿ. ಅದರ ಫೋಟೋವನ್ನು ಅಂಗಡಿಯವರ ವಾಟ್ಸಾಪ್‌ಗೆ ಅದೇ ಗಳಿಗೆಯಲ್ಲಿ ಕಳಿಸಿ. ಮುಂದೆ "ಪೂರ್ತಿ ಒಪ್ಪಿಯೇ ಕೊಟ್ಟರು" ಎನ್ನುವ ಮಾತಿಗೆ ಇದೇ ಉತ್ತರ.

ಹೆಜ್ಜೆ 8: ಬೋರ್‌ಗೆ ಇಳಿಸುವ ಮುಂಚೆ ಟೆಸ್ಟ್

ನೀರು ತುಂಬುವ ಮೋಟರ್ ಆದರೆ ಚೊಕ್ಕ ನೀರು ತುಂಬಿಸಿ, ಸ್ವಲ್ಪ ಹೊತ್ತು ನೆನೆಸಿ, ಆಮೇಲೆ ಮೆಗ್ಗರ್ ಹಾಕಿಸಿ. ಕಡಿಮೆ ಅಂದರೂ 1 ಮೆಗಾ ಓಮ್ ಬರಬೇಕು. ಹೊಸ ವೈಂಡಿಂಗ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುವುದು ಸಹಜ. ನೀರಿಲ್ಲದೆ ಒಣ ಮೋಟರ್ ಓಡಿಸಿ ತೋರಿಸಲು ಹೇಳಬೇಡಿ, ಬುಷ್ ಮತ್ತು ಬೇರಿಂಗ್‌ಗೆ ನೀರೇ ಎಣ್ಣೆ.

ಇಳಿಸಿದ ಮೇಲೆ ನೀರು ಬರುವಾಗ ಟಾಂಗ್ ಟೆಸ್ಟರ್ (ತಂತಿ ಬಿಚ್ಚದೆ ಕರೆಂಟ್ ಅಳೆಯುವ ಮೀಟರ್) ಹಿಡಿದು ಮೂರೂ ಫೇಸಿನ ಆಂಪ್ಸ್ ಬರೆದಿಡಿ.  ಸರಿಯಾದ ಅಂಕಿ ನೇಮ್‌ಪ್ಲೇಟ್ ಫೋಟೋದಲ್ಲಿದೆ. ಮೂರೂ ಹತ್ತಿರ ಹತ್ತಿರ ಇರಬೇಕು, ಪ್ಲೇಟಿನ ಅಂಕಿ ದಾಟಬಾರದು. ದಾಟಿದ್ದರೆ ಅವತ್ತೇ ಅಂಗಡಿಯವರಿಗೆ ತಿಳಿಸಿ. ಓವರ್‌ಲೋಡ್ ರಿಲೇಯನ್ನು ಪ್ಲೇಟಿನ ಆಂಪ್ಸ್‌ಗೆ ಹೊಂದಿಸಿ. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಇಲ್ಲದಿದ್ದರೆ ಹಾಕಿಸಿ. ಅದಿಲ್ಲದೆ ಮತ್ತೆ ಸುಟ್ಟರೆ ಅಂಗಡಿಯವರು ಕರೆಂಟಿನ ಕಡೆ ಕೈ ತೋರಿಸುತ್ತಾರೆ.

ಹೆಜ್ಜೆ 9: ಮಾತು ಕೇಳದಿದ್ದರೆ 1915, ನೋಟಿಸ್, ಆಯೋಗ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದುಡ್ಡು ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ. ದೂರು ದಾಖಲಿಸಿಕೊಂಡು ಎದುರಿನವರಿಗೆ ಮುಟ್ಟಿಸುತ್ತಾರೆ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್ ಆದರೆ ಇದರಿಂದ ಕೆಲಸ ಆಗುವ ಸಾಧ್ಯತೆ ಜಾಸ್ತಿ. ಸಣ್ಣ ಅಂಗಡಿಯ ಮಟ್ಟಿಗೆ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ, ಆದರೆ ದೂರಿನ ನಂಬರ್ ಮುಂದೆ ಉಪಯೋಗಕ್ಕೆ ಬರುತ್ತದೆ.

ಆಮೇಲೆ ನೋಟಿಸ್. ವಕೀಲರೇ ಬರೆಯಬೇಕು ಅಂತಿಲ್ಲ. ಒಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಮೋಟರ್ ಕೊಟ್ಟ ತಾರೀಖು, ಒಪ್ಪಿದ ಬೆಲೆ, ಬಿಲ್ ನಂಬರ್, ಕೊಟ್ಟ ಹಣ, ಯಾವ ಯಾವ ಸಾಲಿಗೆ ಯಾಕೆ ತಕರಾರು, ಎಷ್ಟು ವಾಪಸ್ ಬೇಕು, 15 ದಿನದೊಳಗೆ ಕೊಡದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಇಷ್ಟೇ. ಬೈಗುಳ, ಬೆದರಿಕೆ ಒಂದಕ್ಷರವೂ ಬೇಡ. ಅಂಚೆ ಕಚೇರಿಯಿಂದ ಸ್ವೀಕೃತಿ ಬರುವಂತೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕೂ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಕೂಡ ಆಗುತ್ತದೆ. ದೂರಿನ ಜೊತೆ ಬಿಲ್, ಹಣ ಕೊಟ್ಟ ದಾಖಲೆ, ವಾಟ್ಸಾಪ್ ಮಾತುಕತೆಯ ಪ್ರಿಂಟ್, ಫೋಟೋಗಳು, ನೋಟಿಸ್ ಮತ್ತು ಅಂಚೆ ರಸೀದಿ ಲಗತ್ತಿಸಿ. ಮೋಟರನ್ನು ನೋಡಿದ ಇನ್ನೊಬ್ಬ ವೈಂಡರ್ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆದುಕೊಟ್ಟರೆ ತುಂಬಾ ಬಲ ಬರುತ್ತದೆ.

"ನೀವು ವ್ಯವಸಾಯಕ್ಕೆ ಬಳಸುತ್ತೀರಿ, ಗ್ರಾಹಕರಲ್ಲ" ಎಂಬ ವಾದ ಎದುರಿನಿಂದ ಬರಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನ ಮಾಡಲು ಬಳಸುವುದನ್ನು ಕಾಯ್ದೆ ವಾಣಿಜ್ಯ ಉದ್ದೇಶ ಅಂತ ಎಣಿಸುವುದಿಲ್ಲ. 2012ರಲ್ಲಿ ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಬಿತ್ತನೆ ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಎಷ್ಟು ಕೇಳಬೇಕು? ಜಾಸ್ತಿ ಕೊಟ್ಟ ಹಣ, ಅದಕ್ಕೆ ಬಡ್ಡಿ, ಓಡಾಟದ ಖರ್ಚು, ತೊಂದರೆಗೆ ಪರಿಹಾರ. ಕೆಟ್ಟ ವೈಂಡಿಂಗ್‌ನಿಂದ ಮೋಟರ್ ಮತ್ತೆ ಎತ್ತಬೇಕಾಗಿ ಬಂದಿದ್ದರೆ ಗಾಡಿ ಖರ್ಚನ್ನೂ ರಸೀದಿ ಇಟ್ಟು ಕೇಳಿ. ಬೆಳೆ ನಷ್ಟ ಕೇಳುವುದಾದರೆ ಎಷ್ಟು ಗುಂಟೆ, ಯಾವ ಬೆಳೆ, ಎಷ್ಟು ಹೋಯಿತು ಎನ್ನುವುದಕ್ಕೆ ದಾಖಲೆ ಬೇಕು. ಲಕ್ಷ ಲಕ್ಷ ಅಂತ ಬರೆದರೆ ನಿಜವಾದ 2,714 ರೂಪಾಯಿಯ ದೂರೂ ಹಗುರವಾಗಿಬಿಡುತ್ತದೆ.

ಎದುರಿನವರಿಗೆ ನೋಟಿಸ್ ಮುಟ್ಟಿದ 3 ತಿಂಗಳಲ್ಲಿ, ಪರೀಕ್ಷೆಗೆ ಕಳಿಸಬೇಕಾದ ವಿಷಯವಾದರೆ 5 ತಿಂಗಳಲ್ಲಿ, ತೀರ್ಮಾನ ಮಾಡಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಡೆಯುವಾಗ ಜಾಸ್ತಿ ಹಿಡಿಯಬಹುದು, ಅದಕ್ಕೆ ತಯಾರಿರಿ. ನಡುವೆ ರಾಜಿ ಮಾತುಕತೆಗೆ ಕಳಿಸಿದರೆ ಹೋಗಿ. ಸಣ್ಣ ಮೊತ್ತದ ಇಂಥ ತಕರಾರು ಅಲ್ಲೇ ಮುಗಿದರೆ ಇಬ್ಬರಿಗೂ ಓಡಾಟ ತಪ್ಪುತ್ತದೆ. ಆದೇಶ ನಿಮಗೆ ಸರಿ ಕಾಣದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಆದೇಶ ನಿಮ್ಮ ಕಡೆ ಬಂದ ಮೇಲೂ ಅಂಗಡಿಯವರು ಹಣ ಕೊಡದಿದ್ದರೆ, ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ ಅದೇ ಆಯೋಗಕ್ಕೆ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.